ಷಡಕ್ಷರಿಯವರ ಜೇಬಿನೊಳಗಿನ ಮದುವೆ

ನಮ್ಮ ಎದುರುಮನೆ ಷಡಕ್ಷರಿಯವರ ಕಣ್ಣಿಗೆ ಈ ಪ್ರಪಂಚದಲ್ಲಿ ಎಲ್ಲವೂ ಅಗತ್ಯಕ್ಕಿಂತ ಉದ್ದ. ಸಿನಿಮಾ ಉದ್ದ, ಪೂಜೆ ಉದ್ದ, ಹೆಂಡತಿಯ ಮಾತಂತೂ ಬಲು ಉದ್ದ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ತಿರುಗಿಸಿ ಮುರುಗಿಸಿ ನೋಡಿ 'ರಿಜೆಕ್ಟ್' ಅನ್ನುವುದು ಅವರ ನೌಕರಿಯಾಗಿತ್ತು. ರಿಟೈರಾಗಿ ಚಾಮರಾಜಪುರಂನ ಮನೆಯಲ್ಲಿ ಕೂತ ಮೇಲೆ ರಿಜೆಕ್ಟ್ ಮಾಡಲು ಬೇರೇನೂ ಸಿಗದೆ ಸೊಪ್ಪಿನವಳ ಕಂತೆಗಳಿಗೆ ಕೈ ಹಾಕಿದರು. ಅವಳು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಳು.

ಅಷ್ಟರಲ್ಲಿ ಅವರ ಕೈಗೆ ಒಂದು ವಿಡಿಯೊ ಪ್ಲೇಯರ್ ಬಂತು. ಮೊಬೈಲಿನಲ್ಲೇ ಎಲ್ಲ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಅಂಗೈಯಗಲದ ಆ ಡಬ್ಬಿಗೆ ಇಡೀ ವಂಶದ ಮದುವೆ, ಗೃಹಪ್ರವೇಶ, ನಾಮಕರಣಗಳನ್ನೆಲ್ಲ ತುಂಬಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತೇನೆ ಎಂದು ಹಠ ಹಿಡಿದರು. ಯಾಕೆ ಓಡಾಡಬೇಕು ಎಂದು ಕೇಳಿದವಳು ನಾನೊಬ್ಬಳೇ.

ನೆಂಟರ ಮನೆಮನೆಗೆ ಹೋಗಿ ಹಳೇ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ಹೊತ್ತು ತಂದರು. ಅವನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಉಳಿದದ್ದನ್ನು ಪ್ಲೇಯರಿಗೆ ಹಿಡಿಸುವಷ್ಟು ಕುಗ್ಗಿಸುವುದೇ ಕಸುಬಾಯಿತು. ಬೇಸಿಗೆಯಲ್ಲಿ ಮನೆಯ ಟೇಬಲ್ ಫ್ಯಾನು ಕಂಪ್ಯೂಟರಿನ ಕಡೆ ತಿರುಗಿತು. ಹೆಂಡತಿ ಸರ್ವಮಂಗಳಾ ಸೆರಗಿನಲ್ಲಿ ಗಾಳಿ ಬೀಸಿಕೊಂಡರು. "ಕನ್ವರ್ಟ್ ಆಗ್ತಾ ಇದೆ ಕಣೇ, ಮಿಕ್ಸಿ ಹಾಕ್ಬೇಡ, ಕರೆಂಟ್ ಹೋದ್ರೆ ಮೊದಲಿಂದ ಮಾಡ್ಬೇಕು!" ಎಂಬ ಕೂಗು ಬೀದಿಗೆಲ್ಲ ಕೇಳುತ್ತಿತ್ತು. ಪಾಪ, ಆಕೆ ತೆಂಗಿನತುರಿಯ ಬಟ್ಟಲು ಹಿಡಿದು ಚಟ್ನಿ ರುಬ್ಬಲು ನಮ್ಮ ಮನೆಗೆ ಬರುತ್ತಿದ್ದರು.

ಹಾಗೆ ಬಂದಾಗಲೇ ಒಮ್ಮೆ ಮನಸ್ಸು ಬಿಚ್ಚಿದ್ದು. ಅವರ ತಾಯಿ ಗುರುಸಿದ್ದಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

"ಅವ್ವಂದು ರೇಷನ್ ಕಾರ್ಡಿನ ಫೋಟೊ ಒಂದೇ ಇರೋದು. ಅದ್ರಲ್ಲಿ ಹೆದರ್ಕೊಂಡು ಕೂತವ್ಳೆ. ಅವಳು ನಗೋದು ನಮ್ಮ ಮದುವೆ ಕ್ಯಾಸೆಟ್ಟಲ್ಲಿ ಮಾತ್ರ. ಇನ್ನೊಂದ್ಸಲ ನೋಡ್ಬುಟ್ರೆ ಸಾಕು ಕಣ್ರೀ."

"ಅವರು ಇಳಿಸ್ಕೊಳ್ಳೋವಾಗ ಪಕ್ಕದಲ್ಲಿ ಕೂತು ನೋಡ್ಬಹುದಲ್ಲ?" ಎಂದೆ.

"ಆ ರೂಮಿಗೆ ಕಾಲಿಟ್ರೆ ಧೂಳು ಬರುತ್ತೆ ಅಂತಾರೆ."

ಗಂಡನಿಗೂ ಹೇಳಿದ್ದರಂತೆ, ಅವ್ವ ಇದಾಳೆ ಅದರಲ್ಲಿ, ಹುಷಾರು ಎಂದು. ಮದುವೆ ಅಂದಮೇಲೆ ಹೆಣ್ಣಿನ ತಾಯಿ ಇರದೆ ಎಲ್ಲಿಗೆ ಹೋಗ್ತಾಳೆ ಎಂದು ಮಹಾನುಭಾವರು ನಕ್ಕರಂತೆ.

ಗುರುಸಿದ್ದಮ್ಮನವರ ವರ್ಷದ ಕಾರ್ಯಕ್ಕೆ ನನ್ನನ್ನೂ ಕರೆದಿದ್ದರು. ಪ್ರಸಾದ ಮುಗಿದ ಮೇಲೆ ಷಡಕ್ಷರಿ ಎಲ್ಲರ ನಡುವೆ ನಿಂತು, ಜೇಬಿನಿಂದ ಪ್ಲೇಯರ್ ತೆಗೆದು, ದೊಡ್ಡ ದಾನಿಗಳ ಹಾಗೆ ಹೆಂಡತಿಯ ಕೈಗಿಟ್ಟರು. ಸರ್ವಮಂಗಳಾ ಕನ್ನಡಕ ಏರಿಸಿಕೊಂಡು ನೋಡಿದರು. ಬೆಂಕಿಪೊಟ್ಟಣದಷ್ಟು ಮಂಟಪ, ಅದರೊಳಗೆ ಕಡಲೆಕಾಳಿನಷ್ಟು ಗಂಡು ಹೆಣ್ಣು. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು, ಪರದೆ ಕಪ್ಪಾಯಿತು.

"ಊಟದ್ದು ಎಲ್ಲಿ?"

"ಅದನ್ನ ತೆಗೆದೆ. ಜನ ಉಣ್ಣೋದನ್ನ ಏನ್ ನೋಡ್ತೀಯ? ಕ್ಯಾಮೆರಾದವನು ಪಂಕ್ತಿ ಉದ್ದಕ್ಕೂ ಲೈಟ್ ಹಿಡ್ಕೊಂಡು ಹೋಗಿದಾನೆ. ವೇಸ್ಟು."

"ಅವ್ವ ಇದ್ದಿದ್ದು ಅಲ್ಲೇ ಕಣ್ರೀ."

"ಮಂಟಪದಲ್ಲಿ ಇರ್ಲಿಲ್ವಾ?"

ಸರ್ವಮಂಗಳಾ ಗಂಡನ ಮುಖವನ್ನೇ ನೋಡಿದರು. "ಗಂಡ ಇಲ್ದೋಳು ಮುಹೂರ್ತದ ಹೊತ್ತಲ್ಲಿ ಎದುರಿಗೆ ಬರಬಾರದು ಅಂದ್ರಲ್ಲ ನಿಮ್ಮನೆಯೋರು. ಅವ್ವ ಅಡುಗೆಮನೇಲಿ ಕೂತಿದ್ಲು. ಕೊನೇ ಪಂಕ್ತಿಗೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬಂದೆ. ಕ್ಯಾಮೆರಾ ಬಂದಾಗ ಸೆರಗು ಅಡ್ಡ ಹಿಡಿದ್ಲು, ನಾನು ಎಳೆದೆ, ನಕ್ಕುಬುಟ್ಲು."

ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ, ತನ್ನ ಮದುವೆಯ ಮಂಟಪದಲ್ಲಿ ಅತ್ತೆ ಇರಲಿಲ್ಲ ಅನ್ನುವುದೇ ಗೊತ್ತಿರಲಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

ಸರ್ವಮಂಗಳಾ ಅವರ ತಮ್ಮ ವಾಗೀಶ ಮೆಲ್ಲಗೆ ಕೇಳಿದರು, "ಭಾವ, ನಮ್ಮನೇಲಿದ್ದ ಕ್ಯಾಸೆಟ್ಟೂ ನಿಮಗೇ ಕೊಟ್ಟಿದ್ನಲ್ಲ?"

"ಎರಡೂ ಒಂದೇ ಅಲ್ವೇನಯ್ಯಾ? ಗುಜರಿಗೆ ಹಾಕ್ದೆ. ಕಂಪ್ಯೂಟರಲ್ಲೂ ಜಾಗ ಸಾಲ್ದೆ ಅಳಿಸ್ದೆ."

ಆಮೇಲೆ ಷಡಕ್ಷರಿ ಗುಜರಿ ಅಂಗಡಿಗೆ ಅಲೆದರು. ಕ್ಯಾಸೆಟ್ಟುಗಳು ಯಾವಾಗಲೋ ಪುಡಿಯಾಗಿದ್ದವು. ಕೊನೆಗೆ ತಾವೇ ಕುಗ್ಗಿಸಿದ ಮದುವೆಯನ್ನು ಮತ್ತೆ ಮತ್ತೆ ಹಾಕಿಕೊಂಡು ಕೂತರು. ಒಂದು ಬೆಳಿಗ್ಗೆ ನಾನು ಬಟ್ಟಲು ವಾಪಸು ಕೊಡಲು ಹೋದಾಗ ಮುಖ ಊರಗಲ ಮಾಡಿಕೊಂಡು ಹೊರಗೆ ಬಂದರು. ತಪ್ಪು ಮಾಡಿದ ಸಂಕೋಚ ಒಂದಿಷ್ಟಾದರೂ ಬೇಡವೇ?

"ಸಿಕ್ಕಿದ್ರು ಕಣೇ! ನಾನು ತಾಳಿ ಕಟ್ಟೋವಾಗ ಹಿಂದೆ ಅಡುಗೆಮನೆ ಬಾಗಿಲು ಕಾಣುತ್ತೆ. ಅಲ್ಲಿ ಯಾರೋ ಬಗ್ಗಿ ನೋಡ್ತಾ ಇದಾರೆ. ನಿಮ್ಮವ್ವನೇ!"

ಸರ್ವಮಂಗಳಾ ಕೈ ಒರೆಸಿಕೊಂಡು ಬಂದು ಪ್ಲೇಯರ್ ಇಸಿದುಕೊಂಡರು. ನಾನೂ ಬಗ್ಗಿ ನೋಡಿದೆ. ಬಾಗಿಲಿನ ಅಂಚಿನಲ್ಲಿ ಬೂದುಬಣ್ಣದ ನಾಲ್ಕು ಚೌಕ. ಷಡಕ್ಷರಿ ದೊಡ್ಡದು ಮಾಡಿ ತೋರಿಸಿದರು. ಚೌಕಗಳು ದೊಡ್ಡವಾದವು, ಅಷ್ಟೇ.

"ಮುಖ ಎಲ್ರೀ?"

"ಸಣ್ಣದು ಮಾಡಿದ್ನಲ್ಲ, ಅದಕ್ಕೆ..." ಎಂದು ತಡವರಿಸಿದರು.

ಆಕೆ ಅಳಲಿಲ್ಲ, ರೇಗಲಿಲ್ಲ. "ಬಾಗಿಲು ದಾಟಿ ಈಚೆಗೆ ಬರಬೇಡ ಅಂದಿದ್ರಲ್ಲ ನಿಮ್ಮನೆಯೋರು. ಇನ್ನೂ ಅಲ್ಲೇ ನಿಂತವ್ಳೆ ನೋಡಿ" ಎಂದು ಪ್ಲೇಯರನ್ನು ಗಂಡನ ಜೇಬಿಗೆ ಹಾಕಿ ಒಳಗೆ ಹೋದರು.

ಕೋಣೆಯಲ್ಲಿ ಯಾರದೋ ನಾಮಕರಣ ಕುಗ್ಗುತ್ತಿತ್ತು. ಅಡುಗೆಮನೆಯಿಂದ ಮಿಕ್ಸಿಯ ಸದ್ದು ಬಂತು. ಬೇಡ ಅನ್ನಲು ಷಡಕ್ಷರಿಯವರಿಗೆ ಬಾಯಿ ಬರಲಿಲ್ಲ.