ಅಯ್ಯನವರ ಏಳು ದಿನದ ವಿಶ್ರಾಂತಿ

ಜನವರಿಯ ಮೊದಲ ವಾರ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಡಬ್ಬಿಗಳಲ್ಲೂ ಹಬ್ಬದ ಕರಿದ ತಿಂಡಿ ಅಚ್ಚುಮುರುಕು ತುಂಬಿರುತ್ತದೆ. ಕೆ.ಜಿ.ಎಫ್‌ನಲ್ಲಿ ಚರ್ಚಿನ ಸಭಾಪಾಲಕನಾದವನು, ಅಂದರೆ ಜನರ ಬಾಯಲ್ಲಿ ಅಯ್ಯನವರಾದವನು, ಕ್ರಿಸ್‌ಮಸ್ ಕಾಲದಲ್ಲಿ ಯಾರ ಮನೆಯಿಂದಲೂ ಬರಿಗೈಯಲ್ಲಿ ಬರುವಂತಿಲ್ಲ, ಬರಿಹೊಟ್ಟೆಯ ಮಾತಂತೂ ಇಲ್ಲವೇ ಇಲ್ಲ. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ, ಒಂದು ಮನೆಯಲ್ಲಿ ನಾನು ಎಷ್ಟು ತುಂಡು ಕೇಕ್ ತಿಂದೆನೆಂಬ ಸುದ್ದಿ ನನಗಿಂತ ಮೊದಲೇ ಪಕ್ಕದ ಮನೆ ಸೇರಿರುತ್ತದೆ. ಅಲ್ಲಿ ಒಂದು ತುಂಡು ಕಡಿಮೆ ತಿಂದರೆ ಅಯ್ಯನವರಿಗೆ ತಮ್ಮ ಮೇಲೆ ಕೋಪವೆಂದೇ ಅರ್ಥ.

ಹೀಗೆ ತಿನ್ನುತ್ತ, ಹಾಡುತ್ತ, ಚಳಿಗಾಳಿಯಲ್ಲಿ ಕನ್ನಡ, ತಮಿಳು, ತೆಲುಗುಗಳಲ್ಲಿ ಪ್ರಾರ್ಥಿಸುತ್ತ ಡಿಸೆಂಬರ್ ಕಳೆದಾಗ ನನ್ನ ದನಿ ಮೂರು ಭಾಷೆಗಳಲ್ಲೂ ಒಟ್ಟಿಗೆ ಕೈಕೊಟ್ಟಿತು. ಬಂಗಾರಪೇಟೆಯ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, "ಏಳು ದಿನ ಪಿಸುಮಾತೂ ಆಡಬಾರದು. ಆಡಿದರೆ ಈ ದನಿ ವಾಪಸ್ ಬರುತ್ತೆ ಅಂತ ನಾನು ಹೇಳೋಕಾಗಲ್ಲ" ಎಂದರು. ಓದುಗ ಮಿತ್ರರೇ, ನಿಜಕ್ಕೂ ಹೆದರಿದೆ. ಬಡಗಿಗೆ ಉಳಿ ಇದ್ದಂತೆ ನನಗೆ ಈ ಗಂಟಲು. ಬೇರೆ ಕಸುಬು ನಾನು ಕಲಿತಿಲ್ಲ.

ಭಾನುವಾರದ ಆರಾಧನೆಯಲ್ಲಿ ಸಭೆಯ ಹಿರಿಯರೊಬ್ಬರು, ಅಯ್ಯನವರಿಗೆ ವಿಶ್ರಾಂತಿ ಬೇಕಾಗಿರುವುದರಿಂದ ಯಾರೂ ಅವರ ಮನೆಗೆ ಹೋಗಬಾರದೆಂದು ಪ್ರಕಟಿಸಿದರು. ನನಗೆ ಕಾಯಿಲೆಯೆಂದು ಊರಿಗೆ ತಿಳಿದದ್ದೇ ಆಗ. ಸೋಮವಾರ ಬೆಳಗ್ಗೆ ಮೊದಲು ಬಂದವರೂ ಅವರೇ. "ನಾನೇನ್ ತೊಂದ್ರೆ ಕೊಡಕ್ ಬಂದಿಲ್ಲ ಅಯ್ಯನವ್ರೆ, ಯಾರಾನಾ ಬತ್ತಾರೇನೋ ನೋಡ್ಕೊಂಡ್ ಓಗಾನಾ ಅಂತ ಬಂದೆ" ಎಂದು ಕುರ್ಚಿ ಎಳೆದುಕೊಂಡರು. ಅವರ ಹಿಂದೆಯೇ ಹನ್ನೊಂದು ಮಂದಿ ಬಂದರು.

ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಹೋದವರು ಪ್ರಾರ್ಥಿಸದೆ ಏಳುವಂತಿಲ್ಲ. ಅಯ್ಯನವರಿದ್ದಲ್ಲಿ ಕೊನೆಯ ಆಶೀರ್ವಾದವನ್ನು ಬೇರೆಯವರು ಹೇಳುವಂತಿಲ್ಲ. ಇಲ್ಲಿ ಕಾಯಿಲೆಯವನೂ ನಾನೇ, ಅಯ್ಯನವರೂ ನಾನೇ. ನನ್ನ ಗಂಟಲಿಗಾಗಿ ಮನಸಾರೆ ಪ್ರಾರ್ಥಿಸಿದ ಅಷ್ಟೂ ಮಂದಿ ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಆ ಗಂಟಲಿನಿಂದಲೇ ಹೊರಡಬೇಕಾದ ಆಶೀರ್ವಾದಕ್ಕೆ ಕಾದರು. ನಾನು ಕೈ ಎತ್ತಿ ಮೌನವಾಗಿ ಆಶೀರ್ವದಿಸಿದೆ. ಮುಚ್ಚಿದ ಕಣ್ಣಿಗೆ ಅದು ಕಾಣುವುದೆಂತು? ಕೊನೆಗೆ ನನ್ನ ಹೆಂಡತಿ ಅಡುಗೆಮನೆಯಿಂದ "ಆಮೆನ್" ಎಂದು ಕೂಗಿದ ಮೇಲೆ ಎದ್ದರು, ಆದರೆ ಅರೆಹೊಟ್ಟೆಯಲ್ಲಿ ಪಂಕ್ತಿಯಿಂದ ಎದ್ದವರ ಮುಖ ಹೊತ್ತಿದ್ದರು. ಅದನ್ನು ನೋಡಲಾರದೆ ಬುಧವಾರ ಒಬ್ಬ ತುಂಬು ಗರ್ಭಿಣಿಗೆ ಪಿಸುಮಾತಿನಲ್ಲಿ ಆಶೀರ್ವಾದ ಹೇಳಿಬಿಟ್ಟೆ. ಗಂಟಲು ಮೆಣಸಿನಕಾಯಿ ಅರೆದಂತೆ ಉರಿಯಿತು. ಇನ್ನು ನನ್ನ ಕಥೆ ಮುಗಿಯಿತೆಂದು ಆ ದಿನವೆಲ್ಲ ಕೊರಗಿದೆ.

ಗುರುವಾರ ಕ್ಯಾಸಂಬಳ್ಳಿಯಿಂದ ಬಸ್ಸಿನಲ್ಲಿ ನಮ್ಮ ಸಭೆಯ ರಾಜಮ್ಮ ಬಂದರು. ಎಮ್ಮೆ ಕಟ್ಟಿಕೊಂಡು ಹಾಲು ಮಾರುವ, ಎಪ್ಪತ್ತು ದಾಟಿದ ಹೆಂಗಸು. ರೂಢಿಯಂತೆ ನಾನು ಬಾಯಿ ತೆರೆದೆ.

"ಬಾಯ್ ಮುಚ್ಚಿ, ಅಯ್ಯನವ್ರೆ," ಎಂದರು. "ಊರ್ಗೆಲ್ಲಾ ನೀವ್ ಮಾಡಿದ್ದು ಸಾಕು. ತಲೆ ಬಗ್ಸಿ. ಇವತ್ತು ನಿಮ್ಗೆ ನಾನ್ ಮಾಡ್ತೀನಿ."

ಒರಟು ಕೈಯನ್ನು ನನ್ನ ತಲೆಯ ಮೇಲಿಟ್ಟು, ಪಕ್ಕದ ಮನೆಯವರೊಡನೆ ಮಾತನಾಡುವಂತೆ ದೇವರೊಡನೆ ಮಾತಿಗಿಳಿದರು: "ಸ್ವಾಮಿ, ಈ ಮಗು ಸುಸ್ತಾಗೈತೆ. ಒಸಿ ಮಲಗ್ಲಿ." ಐವತ್ತೆರಡು ವರ್ಷದ ಮಗುವಿನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಎಷ್ಟೋ ತಲೆಗಳ ಮೇಲೆ ಕೈಯಿಟ್ಟ ನನಗೆ, ನನ್ನ ತಲೆಗೂ ಒಂದು ಕೈ ಬೇಕಾಗಿತ್ತೆಂಬುದು ತಿಳಿದೇ ಇರಲಿಲ್ಲ. ಅವರು ಆಮೆನ್ ಹೇಳುವ ಮೊದಲೇ ನಾನು ಗೊರಕೆ ಹೊಡೆಯುತ್ತಿದ್ದೆನಂತೆ.

ಮಿಕ್ಕ ದಿನಗಳಲ್ಲಿ ರಾಜಮ್ಮ ಹಾಲು ಕರೆದಿಟ್ಟು ಮೊದಲ ಬಸ್ಸಿಗೇ ಬಂದು, ನಮ್ಮ ಜಗಲಿಯಲ್ಲಿ ಕುಳಿತು, ಬಂದವರಿಗೆಲ್ಲ ಅಲ್ಲೇ ಆಶೀರ್ವಾದ ಹೇಳಿ ಸಾಗಹಾಕಿದರು. ಹಿರಿಯರು ಒಮ್ಮೆ ಗೊಣಗಿ, ಆಮೇಲೆ ತಾವೂ ತಲೆ ಬಗ್ಗಿಸಿದರು. ನಾನು ಒಳಗೆ ಹೊದ್ದು ಮಲಗಿದ್ದೆ.

ಮುಂದಿನ ಭಾನುವಾರದ ಹೊತ್ತಿಗೆ ದನಿ ಬಂತು, ತುಸು ಗೊಗ್ಗರಾಗಿ. ಆರಾಧನೆಯ ಕೊನೆಗೆ ಆಶೀರ್ವಾದಕ್ಕೆ ಕೈ ಎತ್ತಿದಾಗ ಸಭೆಯೆಲ್ಲ ಕಣ್ಣು ಮುಚ್ಚುವ ಮೊದಲು ಒಮ್ಮೆ ರಾಜಮ್ಮನ ಕಡೆ ತಿರುಗಿ ನೋಡಿತು. ನಾನೂ ನೋಡಿದೆ. ಅವರು ಆಗಲೆಂದು ತಲೆಯಾಡಿಸಿದ ಮೇಲೆಯೇ ಶುರು ಮಾಡಿದೆ.