ಚಂದ್ರನ ಮೇಲೆ ಹಂಚಿನ ಭಟ್ಟಿ

ಗಂಟಲಿನ ಆಪರೇಶನ್ ಆದ ಮೇಲೆ ಅಣ್ಣ ಮಾತು ಬಿಟ್ಟುಬಿಟ್ಟ. ದನಿ ಪೂರ್ತಿ ಹೋಗಿರಲಿಲ್ಲ. ಗರಗಸ ಎಳೆದ ಹಾಗೆ ಒಡೆದು ಬರುತ್ತಿತ್ತು, ಅಷ್ಟೇ. ದಿನಾ ಮಾತಾಡಿಸಿ, ಬಳಸದಿದ್ದರೆ ಉಳಿದದ್ದೂ ಹೋದೀತು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಆದರೆ ಅವನು ಖಾನಾಪುರಕ್ಕೆ ಮರಳಿದ ವಾರದಲ್ಲೇ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೇಳಿದಾಗ ಯಾರೋ ನಕ್ಕರಂತೆ. ಅಲ್ಲಿಂದ ಮುಂದೆ ಬರೀ ಕೈಸನ್ನೆ, ಇಲ್ಲವೆ ಹುಬ್ಬು. ಅವನ ಹೆಂಡತಿ, ನಮ್ಮ ವೈನಿ, ಫೋನಿನಲ್ಲಿ ಅತ್ತರು. ಜಗಳ ಆಡಲಿಕ್ಕಾದರೂ ಬಾಯಿ ತೆರೆಯಲಿ ಅಂದರು.

ಅವನು ಮೊದಲಿನಿಂದಲೂ ಮಾತಿನ ಮನುಷ್ಯ. ಅಪ್ಪ ತೀರಿಕೊಂಡ ವರ್ಷ ನಾನು ಸಾಲಿ ಬಿಟ್ಟು ಖಾನಾಪುರದ ಹಂಚಿನ ಕಾರಖಾನೆಗೆ ಸೇರಿದೆ. ಅಣ್ಣ ಆಗಲೇ ಅಲ್ಲಿ ಹಂಚು ಒತ್ತುವ ಪ್ರೆಸ್ಸಿನ ಮೇಲಿದ್ದ. ಅವನು ಹಿಡಿಕೆ ತಿರುಗಿಸಿ ಮಣ್ಣು ಒತ್ತಿದರೆ, ಹಸಿ ಹಂಚನ್ನು ಮುರಿಯದಂತೆ ಎತ್ತಿ ಒಣಗಲು ಇಡುವುದು ನನ್ನ ಕೆಲಸ. ಸಾಯಂಕಾಲ ಸಾಲಿಯ ಗೆಳೆಯರು ದಾರಿಯಲ್ಲಿ ಹಾದುಹೋಗುವಾಗ ನಾನು ಮಣ್ಣಿನ ಗುಡ್ಡೆಯ ಹಿಂದೆ ಕೂತುಬಿಡುತ್ತಿದ್ದೆ. ಅಣ್ಣ ಅದನ್ನು ನೋಡಿದ್ದ.

ಒಮ್ಮೆ ಅವನು ಹಂಚಿನ ಲಾರಿಯ ಜೊತೆ ಬೆಳಗಾವಿಗೆ ಹೋಗಿದ್ದ. ಮಾಲು ಇಳಿಸಿ, ಡ್ರೈವರು ಊಟಕ್ಕೆ ಹೋದ ಹೊತ್ತಿನಲ್ಲಿ ಅಲ್ಲಿನ ಕ್ಯಾಂಪ್ ಭಾಗದ ಥೇಟರಿನಲ್ಲಿ ಇಂಗ್ರೇಜಿ ಸಿನಿಮಾ ನೋಡಿ ಬಂದೆ ಎಂದ. ಮರುದಿನದಿಂದಲೇ ಕಥೆ ಶುರುವಾಯಿತು. ಹಿಡಿಕೆ ಕೆಳಗಿಳಿಯುವಾಗ ಅವನಿಗೆ ಉಸಿರಿರುತ್ತಿರಲಿಲ್ಲ. ಮೇಲೇರುವಾಗ ಒಂದು ಮಾತು. ಹಾಗೆ ಒಂದು ಹಂಚಿಗೆ ಒಂದು ಮಾತಿನಂತೆ ಆ ಸಿನಿಮಾ ಇಡೀ ಮಳೆಗಾಲ ನಡೆಯಿತು.

ಚಂದ್ರನ ಮೇಲೆ ಒಂದು ಗಣಿ. ಅದರೊಳಗೆ ಒಬ್ಬ ಮುದುಕ, ಅವನ ಜೊತೆ ತಗಡಿನ ಮೈಯ ಒಬ್ಬ ಯಂತ್ರಮಾನವ. ಮೇಲಿನ ಬಂಡೆ ಕುಸಿದು ದಾರಿ ಮುಚ್ಚಿಹೋಗುತ್ತದೆ. ಇಬ್ಬರೂ ಆಳದಲ್ಲಿ ಸಿಕ್ಕಿಬೀಳುತ್ತಾರೆ. ಆಮೇಲೆ ಬರುವುದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಮುದುಕ ಚಂದ್ರನ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ, ಹದ ಐತಿ ಅನ್ನುತ್ತಾನೆ. ಇದ್ದ ನೀರಿನಲ್ಲಿ ಕಲಸಿ ತುಳಿದು ಹಂಚು ಮಾಡುತ್ತಾನೆ. ಯಂತ್ರಮಾನವ ತನ್ನ ಎದೆಯ ಬಾಗಿಲು ತೆರೆದು, ಒಳಗಿನ ಬೆಂಕಿಯಲ್ಲಿ ಅವನ್ನು ಸುಟ್ಟು ಕೊಡುತ್ತಾನೆ. ಹಂಚಿನ ಮೇಲೆ ಹಂಚು ಪೇರಿಸಿ ಮುದುಕ ಹತ್ತುತ್ತಾ ಹೋಗುತ್ತಾನೆ. ಕೊನೆಯ ಹಂಚು ಸುಡುವಾಗ ಯಂತ್ರಮಾನವನ ಬೆಂಕಿ ಆರುತ್ತದೆ. ಮುದುಕ ಮೇಲೆ ಬಂದವನು ಊರಿಗೆ ಹೋಗುವುದಿಲ್ಲ. ಗೆಳೆಯನನ್ನು ತರಲು ಹಗ್ಗ ಹಿಡಿದು ಮತ್ತೆ ಇಳಿಯುತ್ತಾನೆ.

ನನಗೆ ಅತ್ತದ್ದು ನೆನಪಿದೆ. ಅದಕ್ಕಿಂತ ಹೆಚ್ಚಾಗಿ ನೆನಪಿರುವುದು ಬೇರೆ. ಎಲ್ಲೋ ಏಳು ಸಮುದ್ರದಾಚೆ ಸಿನಿಮಾ ಮಾಡುವವರಿಗೂ ನಮ್ಮ ಕೆಲಸ ಗೊತ್ತಿದೆ, ಚಂದ್ರನ ಮೇಲೆ ಹೋದರೂ ಮನುಷ್ಯನನ್ನು ಉಳಿಸುವುದು ನಮ್ಮ ಕೆಲಸವೇ ಎಂದು ನನ್ನ ಬೆನ್ನು ನೆಟ್ಟಗಾಯಿತು. ಗುಡ್ಡೆಯ ಹಿಂದೆ ಕೂರುವುದನ್ನು ಬಿಟ್ಟೆ. ಮುಂದೆ ಬೆಳಗಾವಿಗೆ ಬಂದು, ನೆಲಕ್ಕೆ ಫರ್ಸಿ ಕಲ್ಲು ಹಾಸುವ ಕೆಲಸ ಕಲಿತು, ಅನಗೋಳದಲ್ಲಿ ಮನೆ ಕಟ್ಟಿದೆ. ರಾಮತೀರ್ಥ ನಗರದಲ್ಲಿ ನಾನು ಕೂರಿಸಿದ ನೆಲದ ಮೇಲೆ ಎಷ್ಟೋ ದೊಡ್ಡ ದೊಡ್ಡ ಸಾಹೇಬರು ಓಡಾಡುತ್ತಾರೆ. ಕೆಲಸ ಮಾಡುತ್ತಾ ಅವರಲ್ಲಿ ಅರ್ಧ ಜನಕ್ಕಾದರೂ ನಾನು ಈ ಸಿನಿಮಾ ಹೇಳಿದ್ದೇನೆ.

ಅದೇ ಸಿನಿಮಾವನ್ನು ಮತ್ತೆ ಹೊಸದಾಗಿ ತೆಗೆದಿದ್ದಾರೆ, ಹಿಂದಿಯಲ್ಲೂ ಇದೆ ಎಂದು ಮಗಳು ಹೇಳಿದಾಗ ನನಗೆ ಹೊಳೆದದ್ದು ಅಣ್ಣನ ಗಂಟಲು. ತನ್ನ ಸಿನಿಮಾ ನೋಡಿದರೆ ಇವನು ಸುಮ್ಮನಿರಲಾರ ಅನ್ನಿಸಿತು. ಭಾನುವಾರ ಬೆಳಿಗ್ಗೆ ಖಾನಾಪುರಕ್ಕೆ ಹೋಗಿ ಗಾಡಿಯ ಮೇಲೆ ಕೂರಿಸಿಕೊಂಡು ಬಂದೆ. ಯಾವ ಸಿನಿಮಾ ಎಂದು ಹೇಳಿದಾಗ ಅವನು ಬರುವುದಿಲ್ಲ ಎಂದು ಕೈ ಆಡಿಸಿದ್ದ. ಜನಕ್ಕೆ ಅಂಜುತ್ತಾನೆ ಎಂದುಕೊಂಡು ನಾನು ಬಿಡಲಿಲ್ಲ.

ಮಗಳು ನಮ್ಮಿಬ್ಬರ ನಡುವೆ ಕೂತಳು. ಮೊದಲರ್ಧದಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ. ತಗಡಿನ ಯಂತ್ರಮಾನವನ ಬದಲು ಚರ್ಮ ಹೊದ್ದ ಚಂದದ ಹುಡುಗನನ್ನು ಇಟ್ಟಿದ್ದರು. ಗಣಿ ಮಾತ್ರ ಅಣ್ಣ ಹೇಳಿದ್ದೇ ಗಣಿ. ಅದೇ ಮುದುಕ, ಅದೇ ಕುಸಿತ. ಪರದೆ ಕತ್ತಲಾಗಿ ಇಂಟರ್ವಲ್ ಬಂದಾಗ ನಾನು ಮಗಳಿಗೆ, ಇನ್ನು ನೋಡು, ಮಣ್ಣು ಕಲಸುತ್ತಾನೆ ಎಂದೆ. ಅಣ್ಣ ಎದ್ದು ನೀರು ಕುಡಿಯಲು ಹೋದ.

ಮುದುಕ ಮಣ್ಣು ಕಲಸಲೇ ಇಲ್ಲ. ಗಣಿಯ ಕಂಪನಿಯವರು ಮೇಲಿನಿಂದ ಬಾಂಬು ಹಾಕಿದರು. ಬೇರೆ ಯಂತ್ರಗಳು ತಿರುಗಿಬಿದ್ದವು. ಕೊನೆಗೆ ಮುದುಕ ತನ್ನ ಜೊತೆಗಾರನ ಬ್ಯಾಟರಿ ಕಿತ್ತುಕೊಂಡು ತಾನೊಬ್ಬನೇ ಪಾರಾದ.

ಹೊರಗೆ ಬಂದು ಹೋಟೆಲಿನಲ್ಲಿ ಕೂತ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಇಷ್ಟು ರೊಕ್ಕ ಸುರಿದು ಅರ್ಧ ಸಿನಿಮಾ ಹಾಳು ಮಾಡಿದ್ದಾರೆ, ಗೆಳೆಯನ ಎದೆ ಬಗೆದು ಬದುಕುವುದೂ ಒಂದು ಕಥೆಯೇ, ಕೈಕೆಲಸ ಕಂಡವರು ಯಾರೂ ಉಳಿದಿಲ್ಲ ಎಂದು ಚಾ ಬರುವವರೆಗೆ ಬೈದೆ. ಮಗಳು ಕಪ್ಪನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಹೇಳಬೇಕೋ ಬೇಡವೋ ಎಂಬ ಮುಖ.

"ಅಪ್ಪಾ, ಹಳೇದು ನಾ ಹ್ವಾದ ವಾರ ಫೋನ್‌ನ್ಯಾಗ ನೋಡೇನಿ," ಅಂದಳು. "ಅದರಾಗೂ ಹಿಂಗ ಐತಿ. ಹಂಚು ಇಲ್ಲ."

ನಾನು ಅಣ್ಣನ ಕಡೆ ನೋಡಿದೆ. ಅವನು ಕಪ್ಪಿನೊಳಗೆ ನೋಡುತ್ತಿದ್ದ. ಬರುವುದಿಲ್ಲ ಎಂದು ಬೆಳಿಗ್ಗೆ ಕೈ ಆಡಿಸಿದ್ದು ಯಾಕೆಂದು ಆಗ ತಿಳಿಯಿತು. ಮಾತಾಡಿಸಲು ಕರೆತಂದವನು, ಇವನ ಬಾಯಿಗೆ ನಾನೇ ಕೀಲಿ ಹಾಕಿದೆನಲ್ಲ ಅನ್ನಿಸಿತು. ಆಗಿನ ಕಾಲದಲ್ಲಿ ಒಂದೊಂದು ಊರಿಗೆ ಒಂದೊಂದು ಥರ ಕತ್ತರಿಸಿ ಕಳಿಸುತ್ತಿದ್ದರು, ನೀನು ನೋಡಿದ್ದು ಬೇರೆಯದು ಇರಬೇಕು ಎಂದು ಮಗಳ ಮೇಲೆ ರೇಗಿದೆ. ಅಣ್ಣ ಕೈ ಎತ್ತಿ ನನ್ನನ್ನು ತಡೆದ.

"ಡ್ರೈವರ್ ಕರದ," ಅಂದ.

ಆ ದನಿಯನ್ನು ನಾನು ಎಷ್ಟು ದಿನದ ಮೇಲೆ ಕೇಳುತ್ತಿದ್ದೆನೋ. ಅವನು ಉಗುಳು ನುಂಗಿ ಮತ್ತೆ ಹೇಳಿದ. "ಇಂಟರ್ವಲ್‌ದಾಗ ಬಂದು ಕರದ. ಲಾರಿ ಹೊಂಟಿತ್ತು. ಎದ್ದು ಬಂದೆ."

"ಮತ್ತ ಭಟ್ಟಿ?" ಎಂದೆ.

"ನೀ ಮುಂದೇನಾತು ಅಂತ ಕೇಳಿದಿ. ಗೊತ್ತಿಲ್ಲ ಅನ್ನಾಕ ಮನಸ ಬರಲಿಲ್ಲೋ ತಮ್ಮಾ. ನನಗ ಬರ್ತಿದ್ದದ್ದು ಹಂಚು ಒಂದ. ಅದನ್ನ ಹಾಕಿದೆ."

ಇಷ್ಟು ವರ್ಷ ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನಾಚಿಕೆ ಆಗಬೇಕಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಪ್ರೆಸ್ಸಿನ ಮೇಲೆ ಬಾಗಿದ ಇಪ್ಪತ್ತರ ಒಬ್ಬ ಹುಡುಗ. ಕೈಯಲ್ಲಿ ಹಿಡಿಕೆ, ತಲೆಯಲ್ಲಿ ನಾಳೆಯ ಕಥೆ. ಗಣಿಯಲ್ಲಿ ಸಿಕ್ಕ ಮುದುಕನನ್ನು ಹೇಗೆ ಹೊರಗೆ ತರುವುದು ಎಂದು ಅವನು ಒಬ್ಬನೇ ಯೋಚಿಸುತ್ತಿದ್ದ. ಆ ಗುಡ್ಡೆಯ ಹಿಂದೆ ಕೂತಿದ್ದ ನನ್ನನ್ನೂ ಅವನು ಹಾಗೆಯೇ ಹೊರಗೆ ತಂದಿದ್ದ.

ಮಗಳು ಕುರ್ಚಿಯನ್ನು ಅವನ ಬಳಿಗೆ ಎಳೆದುಕೊಂಡಳು. "ದೊಡ್ಡಪ್ಪಾ, ಇಷ್ಟ ದಿನಾ ಅಪ್ಪನ ಬಾಯಾಗ ಕೇಳೇನಿ. ಮಾಡಿದವ್ರು ನೀವ. ನೀವ ಹೇಳ್ರಿ."

ಅಣ್ಣ ಸುತ್ತ ನೋಡಿದ. ಭಾನುವಾರದ ಹೋಟೆಲು ತುಂಬಿತ್ತು. ಒಂದು ಗುಟುಕು ನೀರು ಕುಡಿದು ಶುರುಮಾಡಿದ. ಬಾಜೂ ಟೇಬಲಿನ ಇಬ್ಬರು ಆ ದನಿಗೆ ಹೊರಳಿ ನೋಡಿದರು. ಅವನು ನಿಲ್ಲಿಸಿದ. ಮಗಳು ಮಾತ್ರ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನು ಮತ್ತೆ ಹೊರಟ, ಈ ಸಲ ಇನ್ನೂ ಗಟ್ಟಿಯಾಗಿ. ಮುದುಕ ಮಣ್ಣು ಕಲಸಿದ. ನಾನು ಎಲ್ಲೂ ಹೇಳದ ಸಂಗತಿಗಳು ಬಂದವು. ಮೊದಲ ಭಟ್ಟಿಯ ಹಂಚುಗಳೆಲ್ಲ ಒಡೆದುಹೋದವಂತೆ, ಯಂತ್ರಮಾನವ ಕ್ಷಮೆ ಕೇಳಿದನಂತೆ. ನಾನು ನಡುವೆ ಬಾಯಿ ಹಾಕಿದೆ.

"ನೀ ಸುಮ್ನ ಕುಂದರ್. ನಿನಗೇನ ಗೊತ್ತು," ಅಂದ.

ಕಪ್ಪು ಖಾಲಿಯಾಗಿದ್ದು ಅವನಿಗೆ ಆಗ ಕಂಡಿತು. ನಾನು ಕೈ ಎತ್ತುವ ಮೊದಲೇ ಅವನು ಕುತ್ತಿಗೆ ಚಾಚಿ, ಅಡಿಗೆಮನೆಯ ಬಾಗಿಲಿನವರೆಗೆ ಕೇಳುವ ಹಾಗೆ, ಇನ್ನೂ ಮೂರು ಚಾ ಎಂದು ಕೂಗಿದ. ವೇಟರು ಬಂದು ನಿಂತ. ನಗಲಿಲ್ಲ.

"ಕಾಕಾ, ಸಕ್ಕರಿ ಕಮ್ಮಿ ಹಾಕ್ಲೇನ್ರಿ?"

"ಜಾಸ್ತಿ," ಅಂದ ಅಣ್ಣ.