ಇಲ್ಲದ ಮನೆಯ ನಂಬರು

ಆನ್ ಆರ್ಬರ್ ನಗರ ದಾಟಿ ಪಶ್ಚಿಮಕ್ಕೆ ಹೋಗುವಾಗ ಒಂದು ಎಕ್ಸಿಟ್‌ನಲ್ಲಿ ಹೈವೇ ಬಿಟ್ಟು ಎಡಕ್ಕೆ ತಿರುಗಿದರೆ, ಸ್ವಲ್ಪ ದೂರಕ್ಕೆ ಡಾಂಬರು ಮುಗಿದು ಜಲ್ಲಿ ರಸ್ತೆ ಶುರುವಾಗುತ್ತದೆ. ಆ ರಸ್ತೆಯ ಬದಿಯಲ್ಲಿ ಕೂಗಳತೆಯ ಅಂತರದಲ್ಲಿ ಎರಡು ಕಬ್ಬಿಣದ ಕಂಬಗಳಿದ್ದವು. ಎರಡರಲ್ಲೂ ಹಸಿರು ತಗಡು, ತಗಡಿನ ಮೇಲೆ ಬಿಳಿಯ ಮನೆ ನಂಬರು. ಮೊದಲನೆಯ ಕಂಬದ ಹಿಂದೆ ಆಂಟಿಯ ಮೊಬೈಲ್ ಹೋಮ್ ಇತ್ತು. ಎರಡನೆಯದರ ಹಿಂದೆ ಏನೂ ಇರಲಿಲ್ಲ. ಏನೂ ಇರಲಿಲ್ಲ ಎಂದರೆ ಪೂರ್ತಿ ಸರಿಯಾಗುವುದಿಲ್ಲ. ಹುಲ್ಲಿನ ನಡುವೆ ಕೆಲವು ಸಿಮೆಂಟ್ ಬ್ಲಾಕುಗಳಿದ್ದವು, ಬಾಯಿ ಮುಚ್ಚಿದ ಒಂದು ನೀರಿನ ಪೈಪು ಇತ್ತು. ಮನೆ ಇರಲಿಲ್ಲ.

ಆಂಟಿ ನನಗೆ ನೆಂಟರಲ್ಲ. ನಾರ್ತ್‌ವಿಲ್‌ನಲ್ಲಿ ನಮ್ಮ ಬಡಾವಣೆಯಲ್ಲೇ ಅವರ ಮನೆಯೂ ಇತ್ತು. ಅಂಕಲ್ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ಅದು ಮುಚ್ಚಿದ ಮೇಲೆ ಗಂಡ ಹೆಂಡತಿ ಮನೆ ಮಾರಿ, ಬ್ಯಾಂಕಿನ ಸಾಲ ತೀರಿಸಿ, ಉಳಿದದ್ದರಲ್ಲಿ ಈ ಜಮೀನು ಕೊಂಡರು. ಮಕ್ಕಳಿರಲಿಲ್ಲ, ಕೇಳುವವರೂ ಇರಲಿಲ್ಲ. ಬೇಸಿಗೆಯ ಶನಿವಾರಗಳಲ್ಲಿ ನಾವು ನಾಲ್ಕಾರು ಮನೆಯವರು ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗಿ ದಂಟಿನ ಸೊಪ್ಪು, ಬದನೆ, ಹೀರೆಕಾಯಿ ಕೊಂಡು ತರುತ್ತಿದ್ದೆವು. ಅವರೆ ಮಾತ್ರ ಕಾಯಿ ತುಂಬುವಷ್ಟರಲ್ಲಿ ಚಳಿ ಬಿದ್ದು ಬಳ್ಳಿ ಕಪ್ಪಾಗುತ್ತಿತ್ತು. ಆದರೂ ಅಂಕಲ್ ಪ್ರತಿವರ್ಷ ಹಾಕುತ್ತಿದ್ದರು.

ಜಮೀನಿನ ಜೊತೆಗೇ ಒಂದು ಹಳೆಯ ಮೊಬೈಲ್ ಹೋಮ್ ಬಂದಿತ್ತು. ಕಾರ್ಖಾನೆಯಲ್ಲಿ ತಯಾರಾಗಿ, ಚಕ್ರದ ಮೇಲೆ ಬಂದು, ಸಿಮೆಂಟ್ ಬ್ಲಾಕುಗಳ ಮೇಲೆ ಕೂರುವ ಉದ್ದನೆಯ ಡಬ್ಬಿಯಂಥ ಮನೆ ಅದು. ಮೊದಲು ಅದರಲ್ಲೇ ಇದ್ದರು. ಆಮೇಲೆ ಸ್ವಲ್ಪ ಹೊಸದೊಂದನ್ನು ತಂದು ಪಕ್ಕದಲ್ಲಿ ಇಟ್ಟುಕೊಂಡು, ಹಳೆಯದರಲ್ಲಿ ಅಂಕಲ್ ಸಸಿ ಎಬ್ಬಿಸುತ್ತಿದ್ದರು. ಅವರು ತೀರಿಕೊಂಡ ಮುಂದಿನ ಚಳಿಗಾಲ ಹಿಮದ ಭಾರಕ್ಕೆ ಹಳೆಯದರ ಸೂರು ಕುಸಿಯಿತು. ಆಚೆ ಹೊಲದವನು ಟ್ರ್ಯಾಕ್ಟರ್ ತಂದು ಒಡೆದು ಸಾಗಿಸಿದ. ಆ ಬೇಸಿಗೆಯಲ್ಲಿ ನಾನು ಹೋದಾಗ, ಮನೆ ಇದ್ದ ಜಾಗದಲ್ಲೇ ಕಾರು ನಿಲ್ಲಿಸಿದ್ದೆ.

ಮುಂದಿನ ಫೆಬ್ರವರಿಯಲ್ಲಿ ಆಂಟಿ ಫೋನ್ ಮಾಡಿ, ಟೌನ್‌ಶಿಪ್‌ನಿಂದ, ಅಂದರೆ ಇಲ್ಲಿನ ಪಂಚಾಯಿತಿಯಿಂದ, ಟ್ಯಾಕ್ಸಿನ ನೋಟಿಸು ಬಂದಿದೆ, ಬಂದು ನೋಡು ಎಂದರು. ದನಿ ಎಂದಿನಂತಿರಲಿಲ್ಲ. ಅಂಕಲ್‌ಗೆ ಬರುತ್ತಿದ್ದ ಪಿಂಚಣಿ ಅವರೊಂದಿಗೇ ನಿಂತಿತ್ತು. ಹಿಂದಿನ ಎರಡು ವರ್ಷಗಳ ತೆರಿಗೆಯನ್ನು ಆಂಟಿ ಅಷ್ಟಿಷ್ಟು ಕಟ್ಟಿ, ಉಳಿದದ್ದನ್ನು ಬಾಕಿ ಬಿಟ್ಟಿದ್ದರು. ಇಲ್ಲಿ ಬಾಕಿ ಮೂರನೆಯ ವರ್ಷಕ್ಕೆ ಬಿದ್ದರೆ ನಮ್ಮ ಜಿಲ್ಲಾಡಳಿತದಂಥ ಕೌಂಟಿಯವರು ಜಾಗವನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು. ಆಂಟಿಗೆ ಇದು ಗೊತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ನೋಟಿಸು ಇಟ್ಟು, ಅದರ ಮೇಲೆ ಕನ್ನಡಕ ಇಟ್ಟು, ನನಗಾಗಿ ಕಾಯುತ್ತಿದ್ದರು.

ನನಗೂ ಅದು ಒಂದೇ ಸಲಕ್ಕೆ ಅರ್ಥವಾಗಲಿಲ್ಲ. ನನ್ನ ಕೆಲಸ ಸಾಫ್ಟ್‌ವೇರಿನದು. ನಾರ್ತ್‌ವಿಲ್‌ನ ನಮ್ಮ ಮನೆಯ ತೆರಿಗೆ ಬ್ಯಾಂಕಿನ ಕಂತಿನ ಜೊತೆ ತಾನೇ ಹೋಗುತ್ತದೆ, ಎಂದೂ ನೋಡಿದವಳಲ್ಲ. ಓದಿ ತಿಳಿದದ್ದು ಇಷ್ಟು. ಮೊಬೈಲ್ ಹೋಮುಗಳಿಗೆಂದೇ ಇರುವ ಪಾರ್ಕಿನಲ್ಲಿ ಮನೆ ಇದ್ದರೆ ತಿಂಗಳಿಗೊಂದು ಸಣ್ಣ ಶುಲ್ಕ, ಅಷ್ಟೇ. ಸ್ವಂತ ಜಮೀನಿನ ಮೇಲೆ ಇದ್ದರೆ ಮನೆಯೂ ಜಮೀನೂ ಸೇರಿ ಒಂದೇ ಆಸ್ತಿ, ತೆರಿಗೆಯೂ ಒಟ್ಟಿಗೆ. ಯಜಮಾನರೇ ವಾಸವಿರುವ ಮನೆಗೆ ಶಾಲೆಗಳ ತೆರಿಗೆಯಲ್ಲಿ ದೊಡ್ಡ ವಿನಾಯಿತಿ ಉಂಟು, ಆದರೆ ಅದು ಅವರು ವಾಸವಿರುವ ಮನೆಗೆ ಮಾತ್ರ. ಆಂಟಿಯ ಜಮೀನಿನಲ್ಲಿ ಎರಡು ಮನೆಗಳಿವೆ ಎಂದು ಟೌನ್‌ಶಿಪ್‌ನ ಪಟ್ಟಿ ಹೇಳುತ್ತಿತ್ತು. ಎರಡನೆಯದರಲ್ಲಿ ಯಾರೂ ವಾಸವಿಲ್ಲವಾದ್ದರಿಂದ ವಿನಾಯಿತಿ ಇಲ್ಲ. ಹೀಗೆ, ಇರುವ ಮನೆಗಿಂತ ಇಲ್ಲದ ಮನೆಯ ತೆರಿಗೆಯೇ ದುಬಾರಿಯಾಗಿತ್ತು.

ನನಗೆ ಖುಷಿಯಾಯಿತು. ತಪ್ಪು ಸಿಕ್ಕಿತು, ತಿದ್ದಿಸಿದರೆ ಆಯಿತು. ಪ್ರತಿ ಮಾರ್ಚ್‌ನಲ್ಲಿ ಟೌನ್‌ಶಿಪ್ ಹಾಲ್‌ನಲ್ಲಿ ಊರಿನವರೇ ಮೂವರು ಕುಳಿತು ಇಂಥ ತಕರಾರುಗಳನ್ನು ಕೇಳುತ್ತಾರೆ. ಅಲ್ಲಿಗೆ ಹೋಗಿ ಹಳೆಯ ಮನೆ ಬಿದ್ದುಹೋಗಿದೆ ಎಂದು ಹೇಳೋಣ ಎಂದೆ. ಆಂಟಿ ಖುಷಿಪಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

"ಇರ್ಲಿ ಬಿಡೇ. ಹೆಂಗೋ ಕಟ್ತೀನಿ."

"ಇಲ್ಲದಿರೋ ಮನೆಗೆ ಯಾಕೆ ಕಟ್ತೀರಾ ಆಂಟಿ?"

"ನಂಬರ್ ಇದೆಯಲ್ಲ."

ಕಿಟಕಿಯಾಚೆ ಹಿಮದಲ್ಲಿ ಆ ಕಂಬ ಕಾಣುತ್ತಿತ್ತು. ಅದರ ಬುಡದ ಹಿಮವನ್ನು ಯಾರೋ ಸಲಿಕೆಯಿಂದ ತೆಗೆದು ಚೊಕ್ಕಟ ಮಾಡಿದ್ದರು. ಆಂಟಿಯೇ ಮಾಡಿರಬೇಕು, ಬೇರೆ ಯಾರು ಮಾಡುತ್ತಾರೆ. ಮುಟ್ಟುಗೋಲಿನ ಮಾತನ್ನು ನಾನು ಮತ್ತೆ ಎತ್ತಿದ ಮೇಲೆ, ಆಯಿತು ಬರುತ್ತೇನೆ ಎಂದರು.

ಟೌನ್‌ಶಿಪ್ ಹಾಲ್ ಎಂದರೆ ಫೈರ್ ಇಂಜಿನ್ ನಿಲ್ಲುವ ಶೆಡ್ಡಿಗೆ ಅಂಟಿಕೊಂಡ ಒಂದು ಕೋಣೆ. ಒಳಗೆ ಕಾಫಿಯ ವಾಸನೆ, ಮಡಿಸುವ ಕುರ್ಚಿಗಳು. ಮೇಜಿನ ಹಿಂದೆ ಮೂವರು. ನಡುವೆ ಕುಳಿತಿದ್ದ ಹೆಂಗಸಿಗೆ ಆಂಟಿಯಷ್ಟೇ ವಯಸ್ಸಿರಬಹುದು. ಅವರದು ಅಲ್ಲೇ ಹತ್ತಿರದಲ್ಲಿ ಜೋಳದ ಹೊಲ. ನಮಗಿಂತ ಮೊದಲು ಒಬ್ಬ ರೈತ ತನ್ನ ಕೊಟ್ಟಿಗೆಗೆ ಇಷ್ಟು ಬೆಲೆ ಕಟ್ಟಿದ್ದು ಯಾಕೆ ಎಂದು ವಾದಿಸುತ್ತಿದ್ದ. ಆ ಕೊಟ್ಟಿಗೆ ನಿಂತಿರುವುದೇ ಅದಕ್ಕೆ ಬಳಿದ ಬಣ್ಣದ ಬಲದಿಂದ, ನಿಮಗೆ ಅನುಮಾನವಿದ್ದರೆ ಬಂದು ಒರಗಿ ನೋಡಿ ಎಂದ. ಮೂವರೂ ನಕ್ಕರು. ಇಂಗ್ಲಿಷ್ ಪೂರ್ತಿ ಹಿಡಿಯದಿದ್ದರೂ ಆಂಟಿಯೂ ನಕ್ಕರು. ಅದು ನನಗೆ ಧೈರ್ಯ ಕೊಟ್ಟಿತು.

ನಮ್ಮ ಸರದಿ ಬಂತು. ನಾನು ನೋಟಿಸು ನೋಡಲು ಹೋದ ದಿನ ತೆಗೆದಿದ್ದ ಆ ಜಾಗದ ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಸೂರು ಕುಸಿದದ್ದು, ಟ್ರ್ಯಾಕ್ಟರ್ ಬಂದದ್ದು, ಎಲ್ಲ ಹೇಳಿದೆ. ನಡುವಿನ ಹೆಂಗಸು ಫೋಟೋ ನೋಡಿ, ಇದು ಹಿಮ, ಹಿಮದ ಕೆಳಗೆ ಏನಿದೆಯೋ ನಮಗೆ ಕಾಣುವುದಿಲ್ಲ ಎಂದರು. ಕಟುವಾಗಿ ಹೇಳಲಿಲ್ಲ. ಆಮೇಲೆ ಆಂಟಿಯ ಕಡೆ ತಿರುಗಿ, ಯಜಮಾನರು ನೀವಲ್ಲವೇ, ಆ ಎರಡನೆಯ ಮನೆ ಈಗ ಅಲ್ಲಿದೆಯೇ ಎಂದು ಬಿಡಿಬಿಡಿಯಾಗಿ ಕೇಳಿದರು.

ಆಂಟಿ ಕೋಟಿನ ಗುಂಡಿ ಹಿಡಿದುಕೊಂಡಿದ್ದರು. "ಯೆಸ್," ಎಂದರು. ತುಸು ಬಿಟ್ಟು, "ಇಟ್ ಈಸ್ ದೇರ್."

ಅವರಿಗೆ ಪ್ರಶ್ನೆ ತಿಳಿಯಲಿಲ್ಲ ಎಂದುಕೊಂಡು ನಾನು ಮೆಲ್ಲಗೆ ಕನ್ನಡದಲ್ಲಿ ಹೇಳಿದೆ. ಅವರು ಮೇಜನ್ನೇ ನೋಡುತ್ತ, "ತಿಳೀತು. ಇದೆ ಅಂತ ಹೇಳು," ಎಂದರು.

ಎಷ್ಟೋ ವರ್ಷಗಳಿಂದ ಬಲ್ಲೆ ಅವರನ್ನು. ತೂಕದಲ್ಲಿ ಒಂದು ಬದನೆಕಾಯಿ ಹೆಚ್ಚು ಹಾಕಿದರೆ ಹಾಕಿದ್ದೇನೆ ಎಂದು ಹೇಳಿಯೇ ಹಾಕುವವರು. ಮೇಜಿನ ಹಿಂದಿನ ಮೂವರೂ ನನ್ನನ್ನು ನೋಡಿದರು. ನೀವು ಅಲ್ಲಿಗೆ ಹೋಗಿದ್ದೀರಿ, ನೀವು ಕಂಡದ್ದು ಏನು ಎಂದು ಆ ಹೆಂಗಸು ಕೇಳಿದರು. ಮನೆ ಇಲ್ಲ, ಕಳೆದ ಬೇಸಿಗೆಯಲ್ಲಿ ನಾನು ಆ ಜಾಗದ ಮೇಲೇ ಕಾರು ನಿಲ್ಲಿಸಿದ್ದೆ ಎಂದೆ. ಹೇಳುವಾಗ ಆಂಟಿಯ ಮುಖ ನೋಡಲಿಲ್ಲ. ನೋಡಿದ್ದರೆ ಹೇಳಲಾಗುತ್ತಿರಲಿಲ್ಲವೇನೋ.

ಇಬ್ಬರದೂ ಬೇರೆ ಬೇರೆ ಮಾತಾದ್ದರಿಂದ ತಾವೇನೂ ತೀರ್ಮಾನಿಸುವಂತಿಲ್ಲ, ಅಸೆಸರ್ ಬಂದು ಕಣ್ಣಾರೆ ನೋಡಲಿ, ಆಮೇಲೆ ನೋಡೋಣ ಎಂದರು. ಅಸೆಸರ್ ಎಂದರೆ ಬೆಲೆ ಕಟ್ಟುವ ಅಧಿಕಾರಿ. ಎರಡು ದಿನ ಬಿಟ್ಟು ಬರುತ್ತಾರಂತೆ.

ಹೊರಗೆ ಬಂದು ಕಾರಿನಲ್ಲಿ ಕುಳಿತೆವು. ನಾನು ಸ್ಟಾರ್ಟ್ ಮಾಡಲಿಲ್ಲ. ಆಂಟಿ ಮುಂದಿನ ಗಾಜನ್ನು ನೋಡುತ್ತಲೇ ಮಾತಾಡಿದರು. ಮಂಡ್ಯದ ಕಡೆಯ ಅವರ ಊರಿನಲ್ಲಿ, ಮನೆಯ ಹಿಂದಿನ ಹಿತ್ತಿಲಿಗೆ ಅವರ ಅಪ್ಪನ ಬಳಿ ಪತ್ರ ಇರಲಿಲ್ಲವಂತೆ. ಅದರಲ್ಲಿದ್ದ ಕೊಟ್ಟಿಗೆಗೆ ಕಂದಾಯ ಕಟ್ಟಿದ ರಸೀದಿ ಮಾತ್ರ ಇತ್ತು. ಒಂದು ಮಳೆಗಾಲ ಕೊಟ್ಟಿಗೆ ಬಿತ್ತು. ಲೆಕ್ಕ ಬರೆಯಲು ಬಂದವರು ಕೊಟ್ಟಿಗೆ ಇದೆಯೇ ಎಂದು ಕೇಳಿದಾಗ ಅಪ್ಪ ಬಿದ್ದುಹೋಯಿತು ಎಂದರು. ಅವರು ಅದನ್ನು ಲೆಕ್ಕದಿಂದ ಹೊಡೆದುಹಾಕಿದರು. ಮುಂದಿನ ವರ್ಷ ಆ ಹಿತ್ತಿಲಿನ ಖಾತೆ ಬೇರೆಯವರ ಹೆಸರಿನಲ್ಲಿತ್ತು. ಆಂಟಿಯ ಅಮ್ಮ ಕೊನೆಯವರೆಗೂ ಹಿಂಬಾಗಿಲು ತೆಗೆಯುತ್ತಿರಲಿಲ್ಲವಂತೆ, ತೆಗೆದರೆ ಆ ಬೇರೆಯವರು ಹಾಕಿದ ಬೇಲಿ ಕಾಣುತ್ತಿತ್ತು.

"ನೀನು ಹೇಳಿದ್ದು ನಿಜ ಕಣೇ," ಎಂದರು ಆಂಟಿ. "ನಮ್ಮಪ್ಪಾನೂ ನಿಜಾನೇ ಹೇಳಿದ್ರು."

ಆಗ ನನಗೆ ಕಂಡಿತು. ವಿನಾಯಿತಿ, ದರ, ಬಾಕಿ ಎಲ್ಲವನ್ನೂ ನಾವು ಮಾತಾಡಿದ್ದೆವು. ಆಂಟಿಯ ಮನಸ್ಸಿನಲ್ಲಿದ್ದ ಪ್ರಶ್ನೆಯೇ ಬೇರೆ. ಬೆಂಗಳೂರಿನಲ್ಲಿ ನನ್ನ ಅಪ್ಪನೂ ಕಂದಾಯದ ರಸೀದಿಗಳನ್ನು ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದಾರೆ. ತೆರಿಗೆ ಹೆಚ್ಚು ಬಂದರೆ ಗೊಣಗುತ್ತಾರೆ, ಆದರೆ ಖಾತೆಯಲ್ಲಿ ಹೆಸರಿದೆ ಎಂಬ ನೆಮ್ಮದಿಯಿಂದಲೇ ಗೊಣಗುತ್ತಾರೆ. ಆಂಟಿಗೆ ಟೌನ್‌ಶಿಪ್‌ನ ಪಟ್ಟಿಯೇ ಖಾತೆ. ಅದರಲ್ಲಿ ಒಂದು ಗೆರೆ ಹೊಡೆದರೆ ಆ ಗೆರೆಯ ಕೆಳಗಿನ ನೆಲವೂ ಹೋಯಿತು. ಬಾಕಿ ಬಿದ್ದರೆ ಮೂರು ವರ್ಷಕ್ಕೆ ಹೋಗುವ ಜಾಗ, ಮನೆಯೇ ಇಲ್ಲ ಎಂದುಬಿಟ್ಟರೆ ನಾಳೆಯೇ ಹೋಗುತ್ತದೆ.

ಪಟ್ಟಿ ಬೇರೆ, ಒಡೆತನ ಬೇರೆ ಎಂದು ಅವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಅವರ ಅಪ್ಪನಿಗೂ ಆಗ ಯಾರೋ ಏನೋ ಹೇಳಿಯೇ ಇದ್ದಿರಬೇಕಲ್ಲ. ಬೆಲ್ಟ್ ಹಾಕಿಕೊಳ್ಳಿ ಎಂದು, ಮನೆಯ ಕಡೆ ತಿರುಗಿಸದೆ ಕಾರನ್ನು ಆನ್ ಆರ್ಬರ್‌ಗೆ ಬಿಟ್ಟೆ.

ಕ್ರಯಪತ್ರಗಳನ್ನು ನೋಂದಾಯಿಸಿ ಇಡುವ ಕಚೇರಿ ಅಲ್ಲಿದೆ. ಕಿಟಕಿಯಲ್ಲಿದ್ದ ಹುಡುಗಿಗೆ ಆಂಟಿ ತಾವೇ ಅಂಕಲ್‌ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಅವಳು ತನ್ನ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಗಂಡ ಹೆಂಡತಿ ಇಬ್ಬರ ಹೆಸರೂ ಅಲ್ಲಿತ್ತು. ಒಬ್ಬರು ಹೋದರೆ ಉಳಿದವರಿಗೆ ಪೂರ್ತಿ ಎಂದು ಬರೆದಿತ್ತು. ದೃಢೀಕರಿಸಿದ ಪ್ರತಿ ಬೇಕೆಂದೆ. ಅವಳು ಅಚ್ಚು ಒತ್ತಿ ಕೊಟ್ಟಳು. ಕಾಗದದ ಮೇಲೆ ಉಬ್ಬಿದ್ದ ದುಂಡು ಮೊಹರಿನ ಸುತ್ತ ಆಂಟಿ ಬೆರಳಾಡಿಸಿದರು. ಅಲ್ಲೇ ಬೆಂಚಿನ ಮೇಲೆ ಕುಳಿತು, ಪೂರ್ತಿ ಓದಿ ಕನ್ನಡದಲ್ಲಿ ಹೇಳು ಎಂದರು. ನಾನು ಓದಿದೆ. ಈ ಮೂಲೆಯಿಂದ ಉತ್ತರಕ್ಕೆ ಇಷ್ಟು ಅಡಿ, ಅಲ್ಲಿಂದ ಪೂರ್ವಕ್ಕೆ ಇಷ್ಟು ಅಡಿ, ರಸ್ತೆಯ ನಡುಗೆರೆಯವರೆಗೆ.

"ಮನೆ ಎಲ್ಲಿ ಬರೆದಿದಾರೆ?"

"ಮನೆ ಬರೆದೇ ಇಲ್ಲ ಆಂಟಿ. ಬರೀ ನೆಲ."

"ನಾನಿರೋ ಮನೇನೂ ಇಲ್ವಾ?"

"ಅದೂ ಇಲ್ಲ. ಎರಡೂ ಬಿದ್ದುಹೋದ್ರೂ ನೆಲ ನಿಮ್ದೇ."

ಅವರು ನನ್ನನ್ನು ನಂಬಿದರೋ ಮೊಹರನ್ನು ನಂಬಿದರೋ ನಾನು ಹೇಳಲಾರೆ. ಕಾಗದವನ್ನು ಮಡಿಸಬೇಡವೆಂದರು. ದಾರಿಯುದ್ದಕ್ಕೂ ಅದನ್ನು ಎರಡೂ ಅಂಗೈಗಳ ಮೇಲೆ ತಟ್ಟೆಯ ಹಾಗೆ ಇಟ್ಟುಕೊಂಡಿದ್ದರು.

ಅಸೆಸರ್ ಬರುವ ದಿನ ನಾನು ರಜೆ ಹಾಕಿ ಹೋದೆ. ಬಂದವನು ಮೂವತ್ತರ ಆಸುಪಾಸಿನವನು, ಟೋಪಿ ಹಾಕಿಕೊಂಡಿದ್ದ. ಅವನು ಕಾರಿನಿಂದ ಇಳಿಯುವ ಮೊದಲೇ ಆಂಟಿ ಸೀರೆಯ ಮೇಲೆ ಕೋಟು, ಕಾಲಿಗೆ ಅಂಕಲ್‌ನ ಬೂಟು ಹಾಕಿಕೊಂಡು ಹೊರಗೆ ನಿಂತಿದ್ದರು. ನನ್ನನ್ನು ಮಾತಾಡಲು ಬಿಡಲಿಲ್ಲ. ಅವನನ್ನು ಹಿಮದ ಮೇಲೆ ನಡೆಸಿಕೊಂಡು ಹೋಗಿ ಬ್ಲಾಕುಗಳ ನಡುವೆ ನಿಂತು, ಬೂಟಿನಿಂದ ಹಿಮ ಕೆರೆದು ಹುಲ್ಲು ತೋರಿಸಿದರು. "ನಾಟ್ ದೇರ್," ಎಂದರು. ಸ್ವಲ್ಪ ಆಚೆ ಹೋಗಿ ಇನ್ನೊಂದು ಕಡೆ ಕೆರೆದು, ಮತ್ತೆ ಅದನ್ನೇ ಹೇಳಿದರು. ಅವನು ಸಾಕು ಎನ್ನುವವರೆಗೂ ಕೆರೆದರು.

ರಸ್ತೆಯಿಂದ ನೋಡಿದರೆ ಕಂಬ ಕಾಣುತ್ತಿತ್ತು, ಅದಕ್ಕೇ ಪಟ್ಟಿಯಲ್ಲಿ ಉಳಿದಿರಬೇಕು ಎಂದ ಅವನು. ಮನೆಯನ್ನು ಪಟ್ಟಿಯಿಂದ ತೆಗೆಯಲು ತಾನೇ ಹೇಳುತ್ತೇನೆ, ಇಡೀ ಜಾಗಕ್ಕೆ ವಿನಾಯಿತಿ ಸಿಗಬೇಕು ಎಂದೂ ಹೇಳಿದ. ಹಾಗೆಯೇ ಆಯಿತು. ಹಳೆಯ ಬಾಕಿ ಮನ್ನಾ ಆಗಲಿಲ್ಲ. ಅದನ್ನು ಕಂತಿನಲ್ಲಿ ಕಟ್ಟಲು ಕೌಂಟಿಯವರು ಒಪ್ಪಿದರು, ಆಂಟಿ ಈಗಲೂ ಕಟ್ಟುತ್ತಿದ್ದಾರೆ. ಇದೆಲ್ಲ ಆಮೇಲಿನ ಮಾತು.

ಅವನು ಹೋದ ಮೇಲೆ ಆಂಟಿ ಕಂಬವನ್ನು ಅಲ್ಲಾಡಿಸಿದರು. ನೆಲ ಹೆಪ್ಪುಗಟ್ಟಿತ್ತು, ಅದು ಜಗ್ಗಲಿಲ್ಲ. ಏಪ್ರಿಲ್‌ನಲ್ಲಿ ತೆಗೆಯೋಣ, ಆಗ ತಾನೇ ಸಡಿಲವಾಗುತ್ತದೆ ಎಂದೆ. ಅಲ್ಲಿಯವರೆಗೆ ದಾರಿಯಲ್ಲಿ ಹೋಗುವವರು ಏನೆಂದುಕೊಳ್ಳಬೇಕು ಎಂದು ಆಂಟಿ ಒಳಗೆ ಹೋಗಿ, ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ತಂದು ಬುಡಕ್ಕೆ ಸುರಿದರು. ನಾನು ಇನ್ನೊಂದು ಪಾತ್ರೆ ತಂದೆ. ಆವಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಕೊನೆಗೆ ಕಂಬ ಕೆಸರಿನೊಂದಿಗೆ ಮೇಲೆ ಬಂತು. ಆಂಟಿ ಅದನ್ನು ಗೋಡೆಗೆ ಒರಗಿಸಿ, ಈ ಸಲ ಅವರೆ ಬಳ್ಳಿಗೆ ಆಗುತ್ತದೆ ಎಂದರು. ಗುಂಡಿಗೆ ಬೂಟಿನಿಂದ ಮಣ್ಣು ತಳ್ಳಿ ತುಳಿದರು.

"ನಾಳೆ ಯಾರಾದ್ರೂ ಕೇಳಿದ್ರೆ, ನೀನೂ ನೋಡ್ದೆ ಅಲ್ವಾ?"

"ನೋಡ್ದೆ ಆಂಟಿ," ಎಂದೆ.